ಅಮ್ಮನವರೂ ಸೇರಿ ಆರು ಮಂದಿ ಮೆಂಬರುಗಳು

ದೊಡ್ಡಬಳ್ಳಾಪುರದ ನಮ್ಮ ನೇಕಾರರ ಬೀದಿಯ ಶಾಲೆಗೆ ಈ ಸಲ ಹೊಸ ಕಮಿಟಿ ಬಂದಿದೆ. ಮೊನ್ನೆ ಅದರ ಮೂವರು ಮೆಂಬರುಗಳು ಕೈಯಲ್ಲೊಂದು ನಿಂಬೆಹಣ್ಣು ಹಿಡಿದು ನಮ್ಮ ಮನೆಗೆ ಬಂದಿದ್ದರು. ನಾನು ಅದೇ ಕಮಿಟಿಯಲ್ಲಿ ಬಹಳ ವರ್ಷ ಕಾರ್ಯದರ್ಶಿಯಾಗಿದ್ದವನು. ಅನುಭವದ ನಾಲ್ಕು ಮಾತು ಬರೆದುಕೊಡಬೇಕಂತೆ. ಶಾಲೆಗಾಗಿ ಹಿರಿಯರು ಮಾಡಿದ ತ್ಯಾಗದ ವಿಷಯ ಬರೆದರೆ ಹೊಸಬರಿಗೆ ಸ್ಫೂರ್ತಿಯಾಗುತ್ತದೆ ಎಂದರು. ನಾನೂ ಎರಡು ದಿನ ಯೋಚನೆ ಮಾಡಿದೆ. ತ್ಯಾಗ ಮಾಡಿದವರು ಯಾರೂ ನೆನಪಿಗೆ ಬರಲಿಲ್ಲ. ಕಮಿಟಿ ಹೇಗೆ ನಡೆಯುತ್ತಿತ್ತು ಎನ್ನುವುದು ಮಾತ್ರ ಚೆನ್ನಾಗಿ ನೆನಪಿದೆ, ಅದನ್ನೇ ಬರೆಯುತ್ತೇನೆ. ಓದಿದ ಮೇಲೂ ಅವರು ಕಮಿಟಿಯಲ್ಲಿ ಉಳಿಯುವುದಾದರೆ ಅದು ಅವರ ಹಣೆಬರಹ.

ಮೊದಲು ತಿಳಿದಿರಬೇಕಾದದ್ದು, ಇದು ಸಂಬಳವಿಲ್ಲದ ಕೆಲಸ. ಸಂಬಳವಿಲ್ಲದ ಕೆಲಸಕ್ಕೆ ನಮ್ಮಲ್ಲಿ ಸೇವೆ ಎನ್ನುತ್ತಾರೆ. ಸೇವೆಯಲ್ಲಿ ಒಂದು ದೊಡ್ಡ ಅನುಕೂಲವಿದೆ. ಎಷ್ಟೇ ಕೆಟ್ಟದಾಗಿ ಮಾಡಿದರೂ ಯಾರೂ ಬಾಯಿ ಬಿಡುವಂತಿಲ್ಲ, ಬಿಟ್ಟರೆ "ಹಾಗಾದ್ರೆ ನೀನೇ ಮಾಡು" ಎಂದುಬಿಡಬಹುದು. ಈ ಒಂದು ಮಾತಿನ ಬಲದ ಮೇಲೆ ನಾವು ಹತ್ತು ವರ್ಷ ಶಾಲೆ ನಡೆಸಿದೆವು.

ನಾನು ಕಮಿಟಿಗೆ ಬಂದದ್ದು ಯೋಗ್ಯತೆಯಿಂದಲೇ. ಎರಡು ಗುಂಡಿಮಗ್ಗದ ನೇಕಾರ ನಾನು, ಕನ್ನಡ ನಾಲ್ಕನೇ ಕ್ಲಾಸು ಓದಿದ್ದೆ. ಹಿಂದಿನ ಕಾರ್ಯದರ್ಶಿ ತೀರಿಕೊಂಡಾಗ ಬೀದಿಯಲ್ಲಿ ಮಸಿಕುಡಿಕೆ ಇದ್ದ ಮನೆ ನಮ್ಮದೊಂದೇ. ಅಧ್ಯಕ್ಷರಾಗಿದ್ದ ಯಜಮಾನ್ ವೆಂಕಟಪ್ಪನವರು ನನ್ನನ್ನು ಕರೆಸಿ, "ಅಶ್ವತ್ಥಪ್ಪ, ಮಸಿ ನಿಂದೇ ಇದೆಯಲ್ಲ, ನೀನೇ ಬರ್ಕೊಂಡು ಹೋಗು" ಎಂದರು. ಅದೇ ನನ್ನ ಆಯ್ಕೆ.

ಯಜಮಾನರ ವಿಷಯ ಇಲ್ಲೇ ಹೇಳಿಬಿಡಬೇಕು. ಅವರು ನೂಲಿನ ವ್ಯಾಪಾರಿ. ಆಗ ಯುದ್ಧದ ಕಾಲ, ನೂಲಿಗೆ ಕಂಟ್ರೋಲು ಬಂದಿತ್ತು. ಬೀದಿಯ ಯಾವ ಮಗ್ಗಕ್ಕೆ ಎಷ್ಟು ನೂಲು ಎನ್ನುವ ಪಟ್ಟಿ ಅವರ ಜೇಬಿನಲ್ಲಿರುತ್ತಿತ್ತು. ಹೀಗಾಗಿ ಅವರ ಮಾತಿಗೆ ಬೀದಿಯಲ್ಲಿ ಬಹಳ ಗೌರವ. ಪಟ್ಟಿ ಜೇಬಿಗೆ ಬರುವ ಮೊದಲು ಗೌರವ ಇಷ್ಟಿತ್ತೇ ಎಂದು ಕೇಳಬಾರದು. ಎರಡನೆಯ ಮೆಂಬರು ಅವರ ಭಾವಮೈದ ನಾಗರಾಜಪ್ಪ. ಭಾವ ಕೆಮ್ಮಿದರೆ ಇವನು ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಮೂರನೆಯವನು ಚಿಕ್ಕಣ್ಣ, ನಮ್ಮ ಪಕ್ಕದ ಮನೆಯವನು, ನನ್ನಂತೆಯೇ ನೇಕಾರ. ನಾಲ್ಕನೆಯವರು ಗುಡಿಯ ಪೂಜಾರಿ ಚೌಡಪ್ಪನವರು. ಐದನೆಯವನು ನಾನು. ಆರನೆಯವರು ಅಮ್ಮನವರು.

ಅಮ್ಮನವರು ಎಂದರೆ ನಮ್ಮ ಕುಲದೇವಿ. ಶಾಲೆ ನಡೆಯುತ್ತಿದ್ದದ್ದು ಅವರ ಗುಡಿಯ ಮುಂದಿನ ಮಂಟಪದಲ್ಲಿ. ಒಳಗೆ ಅಮ್ಮನವರು, ಹೊರಗೆ ಮಕ್ಕಳು, ಮಧ್ಯೆ ಒಂದು ಕಪ್ಪು ಹಲಗೆ. ಕಮಿಟಿಯಲ್ಲಿ ಯಾವ ವಿಷಯ ಬಂದರೂ ಮೊದಲು ನಾವು ಐವರೂ ಸಾಕಷ್ಟು ಹೊತ್ತು ಜಗಳವಾಡುತ್ತಿದ್ದೆವು. ಆಮೇಲೆ ಯಜಮಾನರು "ಅಮ್ಮನೋರನ್ನೇ ಕೇಳ್ಬಿಡೋಣ" ಎನ್ನುತ್ತಿದ್ದರು. ಅಂದರೆ ಹೂ ಕೇಳುವುದು. ಪೂಜಾರಿಗಳು ವಿಗ್ರಹದ ಎರಡು ಭುಜಕ್ಕೂ ಒಂದೊಂದು ಕಣಗಿಲೆ ಹೂವನ್ನು ನೀರಿನಲ್ಲಿ ಅದ್ದಿ ಅಂಟಿಸುತ್ತಿದ್ದರು. ಒದ್ದೆ ಆರಿದ ಮೇಲೆ ಬಲಗಡೆಯ ಹೂ ಮೊದಲು ಬಿದ್ದರೆ ಆಗಬಹುದು ಎಂದು ಅಪ್ಪಣೆ, ಎಡಗಡೆಯದು ಬಿದ್ದರೆ ಬೇಡ. ಅದರ ಮೇಲೆ ಅಪೀಲಿಲ್ಲ. ಅಪ್ಪಣೆ ಆಗುವ ತನಕ ಯಾರೂ ಎದ್ದು ಹೋಗುವಂತಿಲ್ಲ, ಊಟ ಮಾಡುವಂತಿಲ್ಲ.

ಮದುವೆಗೆ, ಮನೆ ಪಾಯಕ್ಕೆ ನಮ್ಮವರು ಹೂ ಕೇಳುವುದು ತಲೆತಲಾಂತರದಿಂದ ಬಂದದ್ದು. ಅದನ್ನು ಶಾಲೆಯ ಆಡಳಿತಕ್ಕೆ ತಂದವರು ನಾವೇ ಮೊದಲಿರಬೇಕು. ಒಂದು ಸಲ ಇನ್ಸ್‌ಪೆಕ್ಟರು ಬಂದು ನನ್ನ ನಡವಳಿ ಪುಸ್ತಕವನ್ನು ತೆರೆದರು. ಪೇಟ, ಕೋಟು, ಮೂಗಿನ ತುದಿಯಲ್ಲಿ ಕನ್ನಡಕ. ಗಟ್ಟಿಯಾಗಿ ಓದಿದರು: ಅಮ್ಮನವರ ಬಲಗಡೆ ಹೂ ಬಿದ್ದಿದ್ದರಿಂದ ಕಪ್ಪು ಹಲಗೆ ಒಂದನ್ನು ಕೊಳ್ಳತಕ್ಕದ್ದು. ಎಡಗಡೆ ಹೂ ಬಿದ್ದಿದ್ದರಿಂದ ಮಕ್ಕಳಿಗೆ ಮೂತ್ರಿ ಕಟ್ಟಿಸತಕ್ಕದ್ದಲ್ಲ. ಓದಿ ಪುಸ್ತಕ ಮುಚ್ಚಿ ನನ್ನ ಮುಖ ನೋಡಿದರು.

"ಅಮ್ಮನವರು ನಿಮ್ಮ ಕಮಿಟಿ ಮೆಂಬರೇನ್ರೀ?"

ಹೌದು ಎಂದೆ. ಇಲ್ಲ ಎನ್ನುವ ಧೈರ್ಯ ಯಾರಿಗಿದೆ.

"ಹಂಗಾದ್ರೆ ಸಹಿ ಎಲ್ಲಿ?"

ಅಂದಿನಿಂದ ಪ್ರತಿ ನಡವಳಿಯ ಕೆಳಗೂ ಪೂಜಾರಿಗಳು ಅಮ್ಮನವರ ಪಾದದ ಕುಂಕುಮ ತಂದು ಒಂದು ಬೊಟ್ಟು ಒತ್ತತೊಡಗಿದರು. ಮುಂದಿನ ವರ್ಷ ಅದೇ ಇನ್ಸ್‌ಪೆಕ್ಟರು ಆ ಬೊಟ್ಟುಗಳನ್ನು ಬಹಳ ಹೊತ್ತು ನೋಡಿದರು. ಎಲ್ಲ ಸಭೆಗಳಿಗೂ ಎಲ್ಲ ಸದಸ್ಯರೂ ಹಾಜರಾಗಿರುವುದು ತೃಪ್ತಿಕರ ಎಂದು ಷರಾ ಬರೆದು ಹೊರಟುಹೋದರು. ಅಧಿಕಾರಿಗಳೆಂದರೆ ಹಾಗಿರಬೇಕು.

ಅಮ್ಮನವರು ಆರಿಸಿದ ಮೊದಲ ಮೇಷ್ಟ್ರು ಇಲ್ಲೇ ಹತ್ತಿರದ ಮಧುರೆ ಕಡೆಯ ಶಾಮಣ್ಣನವರು. ಬಹಳ ಒಳ್ಳೆಯವರು, ಶಾಂತ ಸ್ವಭಾವ. ನಾವು ಕೇಳಿದ ಪ್ರಶ್ನೆಗೆಲ್ಲ ನಗುತ್ತ ತಲೆಯಾಡಿಸಿದ್ದನ್ನು ನೋಡಿ ಯಜಮಾನರು ವಿನಯವಂತ ಎಂದರು, ಬಲಗಡೆ ಹೂವೂ ಬಿತ್ತು. ಅವರಿಗೆ ಕಿವಿ ಕೇಳಿಸುವುದಿಲ್ಲ ಎನ್ನುವುದು ನಮಗೆ ಗೊತ್ತಾಗಲು ನಾಲ್ಕು ತಿಂಗಳು ಹಿಡಿಯಿತು. ಮಕ್ಕಳಿಗೆ ನಾಲ್ಕು ನಿಮಿಷ ಸಾಕಾಗಿತ್ತು. ಪಾಪ, ಅವರು ಬೋರ್ಡಿನ ಮೇಲೆ ಮುತ್ತು ಪೋಣಿಸಿದ ಹಾಗೆ ಬರೆಯುತ್ತಿದ್ದರು, ಮಕ್ಕಳು ಹಿಂದೆ ಗೋಲಿಯಾಡುತ್ತಿದ್ದವು. ಅವರನ್ನು ತೆಗೆಯೋಣವೆಂದರೆ ನೇಮಿಸಿದವರು ಅಮ್ಮನವರು. ಮೂರು ಸಲ ಹೂ ಕೇಳಿದೆವು, ಮೂರು ಸಲವೂ ಇರಲಿ ಎಂದೇ ಅಪ್ಪಣೆಯಾಯಿತು. ಎರಡು ವರ್ಷದ ಮೇಲೆ ಅವರೇ ಮಗಳ ಬಾಣಂತನಕ್ಕೆಂದು ಊರಿಗೆ ಹೋದವರು ವಾಪಸು ಬರಲಿಲ್ಲ. ನಮ್ಮ ಕಮಿಟಿಯಿಂದ ಬಿಡಿಸಿಕೊಂಡು ಸುಖವಾಗಿ ಹೋದವರು ಅವರೊಬ್ಬರೇ.

ಹಾಜರಿಯ ವಿಷಯವೂ ಹೇಳಬೇಕು. ಪುಸ್ತಕದಲ್ಲಿ ಐವತ್ತೆಂಟು ಮಕ್ಕಳ ಹೆಸರಿತ್ತು, ಮಂಟಪದಲ್ಲಿ ಹತ್ತೋ ಹನ್ನೆರಡೋ ಇರುತ್ತಿದ್ದವು. ಉಳಿದವು ಮನೆಯಲ್ಲಿ ರಾಟೆಯ ಮುಂದೆ ಕೂತು ಕಂಡಿಕೆ ಸುತ್ತುತ್ತಿದ್ದವು. ಲಾಳಿಯೊಳಗೆ ಇಡುವ ನೂಲಿನ ಕಂಡಿಕೆ ಮಕ್ಕಳು ಸುತ್ತಿಕೊಡದಿದ್ದರೆ ಅಪ್ಪನ ಮಗ್ಗ ನಿಲ್ಲುತ್ತದೆ. ನನ್ನ ಮಗಳು ಸಾವಿತ್ರಿಗೆ ಆಗ ಒಂಬತ್ತು ವರ್ಷ. ಅವಳ ಹೆಸರು ಹಾಜರಿ ಪುಸ್ತಕದಲ್ಲಿ ನನ್ನ ಕೈಬರಹದಲ್ಲೇ ಅಂದವಾಗಿತ್ತು. ಅವಳು ಮಾತ್ರ ನಮ್ಮ ನಡುಮನೆಯಲ್ಲಿ ಬೆಳಗಿನಿಂದ ಸಂಜೆತನಕ ರಾಟೆ ತಿರುಗಿಸುತ್ತಿದ್ದಳು. ಶಾಲೆಯ ಕಾರ್ಯದರ್ಶಿಯ ಮಗಳಲ್ಲವೇ, ಕಟ್ಟುನಿಟ್ಟು ಸ್ವಲ್ಪ ಹೆಚ್ಚು.

ಇನ್ಸ್‌ಪೆಕ್ಟರು ಬರುವ ದಿನ ಮಾತ್ರ ಹಾಜರಿ ಪೂರ್ತಿಯಾಗುತ್ತಿತ್ತು. ಒಂದು ವರ್ಷ ಮಗ್ಗಗಳಿಗೆ ಬಿಡುವಿಲ್ಲದೆ ನಮ್ಮ ಮಕ್ಕಳು ಸಿಗದೆ, ನಾನು ಬುದ್ಧಿವಂತಿಕೆ ಮಾಡಿ ಬಸ್‌ಸ್ಟ್ಯಾಂಡ್ ಕಡೆಯ ಶಾಲೆಯಿಂದ ಮೂವತ್ತು ಮಕ್ಕಳನ್ನು ಕಡಲೆಪುರಿಯ ಆಸೆ ತೋರಿಸಿ ಕರೆತಂದು ಕೂರಿಸಿದೆ. ಸಾಹೇಬರು ಬೆಳಗ್ಗೆ ಆ ಶಾಲೆಯನ್ನೇ ನೋಡಿಕೊಂಡು ಬಂದಿದ್ದರು ಎನ್ನುವುದು ನನಗೆ ಗೊತ್ತಿರಲಿಲ್ಲ. ಮುಂದಿನ ಸಾಲಿನ ಹುಡುಗಿಯನ್ನು ಎಬ್ಬಿಸಿ ಹದಿನಾರು ಮೂರಲಿ ಎಷ್ಟು ಎಂದು ಕೇಳಿದರು. ಅವಳು ಬೇಜಾರಿನಿಂದ, "ಬೆಳಗ್ಗೆನೇ ಹೇಳಿದ್ನಲ್ಲ ಸಾರ್, ನಲವತ್ತೆಂಟು" ಎಂದಳು. ಅವತ್ತಿನ ಷರಾವನ್ನು ನಾನಿಲ್ಲಿ ಬರೆಯುವುದಿಲ್ಲ.

ಇಂಥ ಶಾಲೆಗೆ ಬೈರೇಗೌಡ ಮೇಷ್ಟ್ರು ಬಂದರು. ಕುಂದಾಣದ ಕಡೆಯ ಒಕ್ಕಲು ಮನೆತನದವರು, ಇಪ್ಪತ್ತಾರು ಇಪ್ಪತ್ತೇಳರ ವಯಸ್ಸು. ಅಣ್ಣತಮ್ಮಂದಿರು ಪಾಲಾದಾಗ ಜಮೀನು ಬಿಟ್ಟುಕೊಟ್ಟು ಓದು ಇಟ್ಟುಕೊಂಡವರು. ಮನೆಯಲ್ಲಿ ಗೌರಮ್ಮ ಅಂತ ಹೆಂಡತಿ, ಚೊಚ್ಚಲ ಬಸುರಿ. ಗುಡಿಯ ಹಿಂದಿನ ಒಂಟಿ ಕೋಣೆಯೇ ಮೇಷ್ಟ್ರ ಬಿಡಾರ, ಕೆಲಸ ಹೋದರೆ ಅದೂ ಹೋಗುವಂಥದ್ದು. ಅವರಿಗೂ ಬಲಗಡೆ ಹೂವೇ ಬಿದ್ದಿತ್ತು. ಈ ಸಲ ಕಿವಿ ಕೇಳಿಸುತ್ತದೆಯೇ ಎಂದು ನಾನೇ ಹಿಂದಿನಿಂದ ಚಪ್ಪಾಳೆ ತಟ್ಟಿ ನೋಡಿದ್ದೆ.

ಅವರ ಕಿವಿ, ಕಣ್ಣು ಎಲ್ಲ ಚುರುಕಾಗಿಯೇ ಇದ್ದವು, ಅದೇ ತೊಂದರೆಯಾಯಿತು. ಬಂದ ತಿಂಗಳಲ್ಲೇ ಮನೆಮನೆಗೆ ಹೋಗಿ ಜಗಲಿಯ ಮೇಲೆ ಕೂತು, ಯಾವ ಮಗು ಯಾವ ಹೊತ್ತಿಗೆ ಬಿಡುವಾಗುತ್ತದೆ ಎಂದು ವಿಚಾರಿಸಿದರು. ಯಾವ ಹೊತ್ತಿಗೂ ಇಲ್ಲ ಎಂದು ಎಲ್ಲರೂ ಹೇಳಿದೆವು. ಆಮೇಲೆ ಒಂದು ದಿನ ಕಮಿಟಿಯ ಮುಂದೆ ನಿಂತು, ಅಮಾವಾಸ್ಯೆಗೆ ನಿಮ್ಮ ಮಗ್ಗಗಳೆಲ್ಲ ನಿಲ್ಲುತ್ತವಲ್ಲ, ಅವತ್ತು ಶಾಲೆ ನಡೆಸುತ್ತೇನೆ, ಬದಲಿಗೆ ಬೇರೆ ದಿನ ರಜೆ ಕೊಡುತ್ತೇನೆ ಎಂದರು.

ಅಮಾವಾಸ್ಯೆ ನೇಕಾರನಿಗೆ ರಜೆ. ಅವತ್ತು ಮಗ್ಗಕ್ಕೆ ಪೂಜೆ ಮಾಡಿ ಲಾಳಿ ಮುಟ್ಟದೆ ಇರುವುದು ನಮ್ಮ ಪದ್ಧತಿ. ಹಾಗೆಯೇ ಅಮಾವಾಸ್ಯೆಯಲ್ಲಿ ಪಾಠ ಹೇಳಬಾರದು, ಹೇಳಿದರೆ ವಿದ್ಯೆ ನಿಲ್ಲುವುದಿಲ್ಲ ಎನ್ನುವುದು ಶಾಸ್ತ್ರ. ಉಳಿದ ಇಪ್ಪತ್ತೊಂಬತ್ತು ದಿನ ನಮ್ಮ ಮಕ್ಕಳಿಗೆ ವಿದ್ಯೆ ಎಲ್ಲಿ ನಿಂತಿತ್ತು ಎಂದು ಶಾಸ್ತ್ರದಲ್ಲಿ ಹೇಳಿರಲಿಲ್ಲ. ಆದರೆ ಆ ದಿನ ಯಜಮಾನರು ಯಾವುದೋ ಒಳ್ಳೆಯ ಲಹರಿಯಲ್ಲಿದ್ದರು. ಈ ಹುಚ್ಚಿಗೆ ಯಾರು ಮಕ್ಕಳನ್ನು ಕಳಿಸುತ್ತಾರೆ ಎಂದುಕೊಂಡು, ಹೂವೂ ಕೇಳದೆ, "ಮಾಡ್ಕೊಳ್ಳಪ್ಪ" ಎಂದುಬಿಟ್ಟರು.

ಮೊದಲ ಅಮಾವಾಸ್ಯೆಗೆ ಮಂಟಪದಲ್ಲಿ ಕಾಲಿಡಲು ಜಾಗವಿರಲಿಲ್ಲ. ಐವತ್ತಕ್ಕೂ ಮೇಲೆ ಮಕ್ಕಳಿದ್ದವು. ನನ್ನ ಹೆಂಡತಿ ಸುಬ್ಬಮ್ಮ ಸಾವಿತ್ರಿಗೆ ಎಣ್ಣೆ ಹಚ್ಚಿ ಜಡೆ ಹಾಕಿ ತಾನೇ ಕರೆದುಕೊಂಡು ಹೋಗಿ ಕೂರಿಸಿದಳು. ನಾನು ಕಂಬದ ಮರೆಯಲ್ಲಿ ನಿಂತು ನೋಡಿದೆ. ಮೇಷ್ಟ್ರು ಮರಳಿನ ಮೇಲೆ ಅವಳ ಬೆರಳು ಹಿಡಿದು ಅಕ್ಷರ ತಿದ್ದಿಸುತ್ತಿದ್ದರು. ಅವಳು ನಾಲಿಗೆ ಹೊರಗೆ ಚಾಚಿಕೊಂಡು ತಿದ್ದುತ್ತಿದ್ದಳು. ಸಂಜೆ ಮನೆಗೆ ಬಂದವಳು ರಾಟೆಯ ಪಕ್ಕದ ಮಣ್ಣುಗೋಡೆಗೆ ಇದ್ದಲಿನಿಂದ ಅ ಆ ಇ ಬರೆದಳು. ನನಗೆ ಆದ ಸಂತೋಷವನ್ನು ಹೇಳಿಕೊಳ್ಳಲು ಈಗಲೂ ಸಂಕೋಚವಿಲ್ಲ. ಎರಡನೆಯ ಅಮಾವಾಸ್ಯೆಗೆ ಇನ್ನೂ ನಾಲ್ಕು ಅಕ್ಷರ, ಮೂರನೆಯದಕ್ಕೆ ಅಃ ತನಕ ಬಂದಳು. ಮುಂದಿನ ಅಮಾವಾಸ್ಯೆಗೆ ಕ ಖ ಗ ಅಂತೆ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಳು.

ಯಜಮಾನರಿಗೆ ಶಾಸ್ತ್ರ ನೆನಪಾದದ್ದು ಆಗ. ಇದಕ್ಕೆ ಕಾರಣವಿತ್ತು. ಅಮಾವಾಸ್ಯೆಯ ದಿನ ಬೀದಿಯ ಮಕ್ಕಳೆಲ್ಲ ಅವರ ಅಂಗಳದಲ್ಲಿ ಸೇರಿ ಸಿಕ್ಕುಬಿದ್ದ ನೂಲಿನ ಲಡಿಗಳನ್ನು ಬಿಡಿಸಿಕೊಡುವುದು ವಾಡಿಕೆ. ಕೊನೆಗೆ ಒಂದೊಂದು ಹಿಡಿ ಹುರಿಗಡಲೆ ಕೊಡುತ್ತಿದ್ದರು. ಇದಕ್ಕೂ ಸೇವೆ ಎಂದೇ ಹೆಸರು. ಮೂರು ಅಮಾವಾಸ್ಯೆ ಅವರ ಅಂಗಳ ಖಾಲಿ ಬಿತ್ತು, ಲಡಿಗಳ ರಾಶಿ ಹಾಗೇ ಉಳಿಯಿತು. ಇದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟು ಸಣ್ಣ ಮನುಷ್ಯರಲ್ಲ. ಧರ್ಮ ಕೆಡುತ್ತಿದೆ ಎಂದರು.

ಅದೇ ವಾರ ನಾಗರಾಜಪ್ಪನ ಮಗ್ಗದ ಮೇಲಿದ್ದ ಸೀರೆಯನ್ನು ಇಲಿ ಕಡಿದುಹಾಕಿತು. ನಮ್ಮ ಬೀದಿಯಲ್ಲಿ ಇಲಿ ಕಡಿಯದ ಮನೆಯಿಲ್ಲ. ಆದರೂ ಈ ಇಲಿ ಅಮಾವಾಸ್ಯೆ ಪಾಠದ ಫಲ ಎಂದು ತೀರ್ಮಾನವಾಯಿತು. ಬೈರೇಗೌಡ ಮೇಷ್ಟ್ರು ಇರಬೇಕೋ ಹೋಗಬೇಕೋ ಎಂದು ಬರುವ ಶುಕ್ರವಾರ ಹೂ ಕೇಳುವುದು, ಬಲಗಡೆ ಬಿದ್ದರೆ ಇರತಕ್ಕದ್ದು, ಎಡಗಡೆ ಬಿದ್ದರೆ ಹೋಗತಕ್ಕದ್ದು ಎಂದು ನಾನೇ ನನ್ನ ಮಸಿಯಲ್ಲಿ ಬರೆದೆ.

ಮೇಷ್ಟ್ರು ಸಂಜೆ ನಮ್ಮ ಮನೆಗೆ ಬಂದರು. ಜಗಲಿಯ ತುದಿಯಲ್ಲಿ ಕೂತು, ಹೆಂಡತಿಗೆ ಎಂಟು ತಿಂಗಳು ತುಂಬಿದೆ, ಈಗ ಎಬ್ಬಿಸಿದರೆ ಕುಂದಾಣದಲ್ಲಿ ಪಾಲಾದ ಮನೆಯಲ್ಲಿ ಒಂದು ಮೂಲೆಯೂ ಇಲ್ಲ ಎಂದರು. ಅಷ್ಟು ಹೇಳುವುದಕ್ಕೆ ಅವರಿಗೆ ಬಹಳ ಕಷ್ಟವಾಯಿತು. ನಾನು ಎದೆ ತಟ್ಟಿಕೊಂಡು, "ನಾನಿದೀನಿ ಮೇಷ್ಟ್ರೇ, ನೀವು ನೆಮ್ಮದಿಯಾಗಿ ಪಾಠ ಮಾಡಿ" ಎಂದೆ. ಸುಬ್ಬಮ್ಮ ಒಳಗಿನಿಂದ ಗೌರಮ್ಮನಿಗೆಂದು ಒಂದು ಡಬರಿ ಮೊಸರು ಕೊಟ್ಟು ಕಳಿಸಿದಳು.

ಮಾತು ಕೊಟ್ಟ ಮೇಲೆ ನನಗೆ ಯೋಚನೆ ಹತ್ತಿತು. ಅಮ್ಮನವರ ಮೇಲೆ ನನಗೆ ಭಕ್ತಿಯಿತ್ತು, ಆದರೆ ಮೂತ್ರಿಯ ವಿಷಯದಲ್ಲಿ ಅವರು ಕೊಟ್ಟ ತೀರ್ಪು ಮರೆತಿರಲಿಲ್ಲ. ಎಡಗಡೆಯ ಹೂ ಬೀಳದ ಹಾಗೆ ಮಾಡಿಬಿಟ್ಟರೆ, ಎಷ್ಟು ಹೊತ್ತಾದರೂ ಬೀಳುವುದು ಬಲಗಡೆಯದೇ ಎಂದು ಹೊಳೆಯಿತು. ಹೂ ಅಂಟಿಸಲು ನೇಕಾರನ ಮನೆಯಲ್ಲಿ ಏನಿಲ್ಲದಿದ್ದರೂ ಗಂಜಿ ಇರುತ್ತದೆ. ನೂಲು ಬಿಗಿಯಾಗಲೆಂದು ನಾವು ಮಗ್ಗಕ್ಕೆ ಏರಿಸುವ ಮೊದಲು ಗಂಜಿ ಹಾಕುತ್ತೇವೆ. ಯುದ್ಧದ ಕಾಲದಲ್ಲಿ ಅಕ್ಕಿಗೆ ಗತಿಯಿಲ್ಲದೆ ನಾವು ರಾಗಿಗಂಜಿಯನ್ನೇ ಬಳಸುತ್ತಿದ್ದೆವು. ಒಣಗಿದರೆ ಉಗುರಿನಿಂದ ಕೆರೆದರೂ ಬರದು.

ಶುಕ್ರವಾರ ಬೆಳಗ್ಗೆ ಚಾಪೆ ಹಾಸುವ ನೆಪದಲ್ಲಿ, ಎಲ್ಲರಿಗಿಂತ ಮೊದಲು ನಾನೇ ಎಂದುಕೊಂಡು ಗುಡಿಗೆ ಹೋದೆ. ಪೂಜಾರಿಗಳು ಹೂ ಏರಿಸಿ ನೀರು ತರಲು ಹೋಗಿದ್ದರು. ನಾನು ಗರ್ಭಗುಡಿಯೊಳಗೆ ನುಗ್ಗಿ, ಎಲೆಯಲ್ಲಿ ಮಡಿಸಿಕೊಂಡಿದ್ದ ಗಂಜಿಯನ್ನು ಎಡಗಡೆಯ ಹೂವಿನ ಅಡಿಗೆ ಬಳಿದು ಒತ್ತಿದೆ. ಅಮ್ಮನವರ ಮುಖ ನೋಡಲಿಲ್ಲ. ಹೊರಗೆ ಬಂದು ಚಾಪೆ ಹಾಸಿ, ಮಸಿಕುಡಿಕೆ ಇಟ್ಟುಕೊಂಡು, ಏನೂ ಅರಿಯದವನಂತೆ ಕೂತೆ.

ಎಂಟು ಗಂಟೆಗೆ ಎಲ್ಲರೂ ಸೇರಿದರು. ಮಂಗಳಾರತಿಯಾಯಿತು. ಒಂಬತ್ತಾಯಿತು, ಹತ್ತಾಯಿತು. ಹೂ ಬೀಳಲಿಲ್ಲ. ಸಾಮಾನ್ಯವಾಗಿ ಅರ್ಧ ಗಂಟೆಯಲ್ಲಿ ಮುಗಿಯುವ ಅಪ್ಪಣೆ. ಬಲಗಡೆಯ ಹೂ ಬಾಡಿ ಮುದುಡಿತು, ಆದರೂ ಭುಜ ಬಿಡಲಿಲ್ಲ. ನಾನು ಎಡಗಡೆಗೆ ಬಳಿದೆನೋ ಬಲಗಡೆಗೋ ಎಂದು ನನಗೇ ಅನುಮಾನ ಬಂತು. ಹನ್ನೊಂದಕ್ಕೆ ಒಂದು ನೊಣ ಬಂದು ಬಲಗಡೆಯ ಹೂವಿನ ಮೇಲೆ ಕೂತಾಗ ಐವರೂ ಉಸಿರು ಹಿಡಿದೆವು. ಅದು ಕೈಕಾಲು ಉಜ್ಜಿಕೊಂಡು ಹಾರಿಹೋಯಿತು. ಮಧ್ಯಾಹ್ನವಾಯಿತು. ಪೂಜಾರಿಗಳ ಹೊಟ್ಟೆ ಗುಡುಗುವುದು ಮಂತ್ರಕ್ಕಿಂತ ಜೋರಾಗಿ ಕೇಳತೊಡಗಿತು. ಅಮ್ಮನೋರು ಮುನಿಸಿಕೊಂಡಿದ್ದಾರೆ ಎಂದು ನಾಗರಾಜಪ್ಪ ಅಂದ. ಯಜಮಾನರು ಹೂವುಗಳನ್ನೇ ನೋಡುತ್ತ ಬೆವರು ಒರೆಸಿಕೊಳ್ಳುತ್ತಿದ್ದರು. ಅವರೂ ನನ್ನಷ್ಟೇ ಭಕ್ತಿಯಿಂದ ನೋಡುತ್ತಿದ್ದಾರಲ್ಲ ಎಂದು ಆಗಲೇ ನನಗೆ ಆಶ್ಚರ್ಯವಾಗಿತ್ತು. ಹೊರಗೆ ಮಂಟಪದಲ್ಲಿ ಮೇಷ್ಟ್ರು ಹತ್ತು ಮಕ್ಕಳಿಗೆ ಮಗ್ಗಿ ಹೇಳಿಸುತ್ತಿದ್ದರು. ಅವರ ದನಿ ಮಾತ್ರ ಒಂದೇ ಸಮನೆ ಬರುತ್ತಿತ್ತು.

ಮೂರು ಗಂಟೆಗೆ ಯಜಮಾನರು ಎದ್ದು ನಿಂತರು. ಅಮ್ಮನೋರು ನಮ್ಮ ವಿವೇಚನೆಗೆ ಬಿಟ್ಟಿದ್ದಾರೆ, ಪಟ್ಟಣದ ಸಂಘಗಳಲ್ಲಿ ಕೈ ಎತ್ತಿಸುತ್ತಾರಂತೆ, ನಾವೂ ಹಾಗೇ ಮಾಡೋಣ ಎಂದರು. ಹಸಿವಿನಿಂದ ಸುಧಾರಣೆ ಹುಟ್ಟುವುದನ್ನು ನಾನು ಕಣ್ಣಾರೆ ಕಂಡದ್ದು ಅವತ್ತೇ.

"ಮೇಷ್ಟ್ರು ಇರ್ಲಿ ಅನ್ನೋರು ಕೈ ಎತ್ರಪ್ಪ" ಎಂದರು ಯಜಮಾನರು. ಎಂದವರು ಮೆಲ್ಲಗೆ ಜೇಬಿನಿಂದ ನೂಲಿನ ಪಟ್ಟಿ ತೆಗೆದು, ಅದರಲ್ಲಿ ಬೀಸಿಕೊಳ್ಳತೊಡಗಿದರು. ಸೆಕೆ ಇತ್ತು, ನಿಜ.

ಚಿಕ್ಕಣ್ಣ ತಕ್ಷಣ ಕೈ ಎತ್ತಿದ. ಅವನ ಮನೆಯಲ್ಲಿ ಮೂರು ಮಕ್ಕಳು ಅಮಾವಾಸ್ಯೆ ಶಾಲೆಗೆ ಹೋಗುತ್ತಿದ್ದರು. ಆಮೇಲೆ, ಯಾರೂ ಎಣಿಸದ ರೀತಿಯಲ್ಲಿ, ಪೂಜಾರಿ ಚೌಡಪ್ಪನವರ ಕೈ ಮೇಲೆದ್ದಿತು. ಯಜಮಾನರು ಬೀಸಿಕೊಳ್ಳುವುದನ್ನು ನಿಲ್ಲಿಸಿದರು.

"ಪೂಜಾರಪ್ಪ, ಇದು ಅಮ್ಮನೋರ ಕೈಯೋ ನಿನ್ನದೋ?"

"ನಂದೇ ಕಣಪ್ಪ. ಮೊಮ್ಮಗ ದಿನಾ ಇವರ ಹತ್ರ ಕೂತು ಕಲಿತು, ಈಗ ರಾಮರಕ್ಷೆ ಓದಿ ಹೇಳ್ತಾನೆ. ನಮ್ಮ ವಂಶದಲ್ಲಿ ಇದುವರ್ಗೂ ಎಲ್ಲ ಬಾಯಿಪಾಠವೇ."

ಇಬ್ಬರಾದರು. ಇನ್ನೊಂದು ಕೈ ಬೇಕಾಗಿತ್ತು. ನಾಲ್ಕು ಜನವೂ ನನ್ನ ಕಡೆ ನೋಡಿದರು. ಮಂಟಪದಲ್ಲಿ ಮಗ್ಗಿ ನಿಂತಿತ್ತು. ನನ್ನ ಬಲಗೈಯಲ್ಲಿ ಲೇಖನಿ ಇತ್ತು, ನಾನು ತಲೆ ಬಗ್ಗಿಸಿ ಬರೆಯುತ್ತಿದ್ದೆ. ಏನು ಬರೆಯುತ್ತಿದ್ದೆ ಎಂದರೆ ದಿನ, ವಾರ, ಹಾಜರಿದ್ದವರ ಹೆಸರು. ಅದನ್ನೆಲ್ಲ ಬೆಳಗ್ಗೆಯೇ ಬರೆದಾಗಿತ್ತು, ಅದರ ಮೇಲೇ ಮತ್ತೆ ತಿದ್ದುತ್ತಿದ್ದೆ. ಯಜಮಾನರ ಕೈಯಲ್ಲಿದ್ದ ನೂಲಿನ ಪಟ್ಟಿಯ ಮೂರನೆಯ ಸಾಲಿನಲ್ಲಿ ನನ್ನ ಎರಡು ಮಗ್ಗಗಳಿದ್ದವು.

"ಎರಡು" ಎಂದರು ಯಜಮಾನರು. "ಉಳಿದೋರು ಮೂವರು. ಬರ್ಕೋ ಅಶ್ವತ್ಥಪ್ಪ."

ಬರೆದುಕೊಂಡೆ. ಅಕ್ಷರ ಎಂದಿನಂತೆ ದುಂಡಾಗಿಯೇ ಬಂತು. ಚಿಕ್ಕಣ್ಣ ಟವೆಲು ಕೊಡವಿಕೊಂಡು ಎದ್ದುಹೋದ. ಆಮೇಲೆ ಎಷ್ಟೋ ವರ್ಷ ಅವನ ಮನೆಯವರು ಒಲೆ ಹಚ್ಚಲು ನಮ್ಮ ಮನೆಯಿಂದ ಒಂದು ಕೆಂಡವನ್ನೂ ಕೇಳಲಿಲ್ಲ.

ಮಾರನೆಯ ದಿನ ಪೂಜಾರಿಗಳು ನನ್ನನ್ನು ಗುಡಿಗೆ ಕರೆಸಿದರು. ಅಮ್ಮನವರ ಮೈ ತೊಳೆಯುತ್ತ, ಎಡಭುಜದ ಕಂದು ಕಲೆಯನ್ನು ತೋರಿಸಿದರು. "ಇದು ರಾಗಿಗಂಜಿ. ಕಾರ್ಯದರ್ಶಿಗಳದು ಅಂತ ಇಟ್ಕೋ" ಎಂದರು. ಆಮೇಲೆ ಬಲಭುಜಕ್ಕೆ ಕೈಯಿಟ್ಟು, "ಇದು ಬಿಳೀದು, ಮೈದಾಹಿಟ್ಟು. ಈ ಕಾಲದಲ್ಲಿ ನಮ್ಮ ಬೀದೀಲಿ ಮೈದಾ ಯಾರ ಮನೇಲಿದೆ ನೀನೇ ಹೇಳು" ಎಂದರು. ಮೈದಾ ಇದ್ದದ್ದು ಒಂದೇ ಮನೆಯಲ್ಲಿ. ಬಲಗಡೆಯ ಹೂ ಬೀಳದ ಹಾಗೆ ಯಜಮಾನರು, ಎಡಗಡೆಯದು ಬೀಳದ ಹಾಗೆ ನಾನು. ಇಬ್ಬರೂ ಸೇರಿ ಅಮ್ಮನವರ ಎರಡು ಬಾಯನ್ನೂ ಕಟ್ಟಿ, ಏಳು ಗಂಟೆ ಉಪವಾಸ ಕೂತು, ಏನಪ್ಪಣೆ ತಾಯಿ ಎಂದು ಕೈಮುಗಿದಿದ್ದೆವು. ಪೂಜಾರಿಗಳು ಇದನ್ನು ಯಾರಿಗೂ ಹೇಳಲಿಲ್ಲ. ಕುಂಕುಮದ ಬೊಟ್ಟು ಒತ್ತುವುದನ್ನು ಮಾತ್ರ ಅಂದಿನಿಂದ ನಿಲ್ಲಿಸಿಬಿಟ್ಟರು.

ಮೇಷ್ಟ್ರು ಹೊರಟದ್ದು ಭಾನುವಾರ. ಎತ್ತಿನಗಾಡಿಯಲ್ಲಿ ಒಂದು ಟ್ರಂಕು, ಒಂದು ಹಾಸಿಗೆ ಸುತ್ತು, ಹುಲ್ಲಿನ ಮೇಲೆ ಕಂಬಳಿ ಹಾಸಿ ಗೌರಮ್ಮನನ್ನು ಕೂರಿಸಿದ್ದರು. ಜಡಿಗೇನಹಳ್ಳಿ ಕಡೆ ದೂರದ ಸಂಬಂಧಿಕರ ಮನೆಯಿದೆ, ಹೆರಿಗೆಯ ತನಕ ಅಲ್ಲಿರುತ್ತೇವೆ ಎಂದರು. ನಾನು ಬೀಗದ ಕೈ ಇಸಿದುಕೊಳ್ಳಲು ಹೋಗಿದ್ದೆ. ಬೀಗದ ಕೈ ಇಸಿದುಕೊಳ್ಳುವುದೂ ಕಾರ್ಯದರ್ಶಿಯ ಕೆಲಸವೇ. ಪರಿಸ್ಥಿತಿ ಹಾಗಿತ್ತು, ನಮ್ಮ ಕೈಲಿ ಏನಿದೆ, ಎಲ್ಲ ಅವಳಿಚ್ಛೆ ಎಂದೆಲ್ಲ ತಡವರಿಸಿದೆ. ಅವರು ಕೊನೆತನಕ ಕೇಳಿಸಿಕೊಂಡರು.

"ಶುಕ್ರವಾರ ಬೆಳಗ್ಗೆ ನಾನು ಬೋರ್ಡ್ ಒರೆಸೋಕೆ ಬೇಗ ಬಂದಿದ್ದೆ ಅಶ್ವತ್ಥಪ್ಪನೋರೆ" ಎಂದರು. "ಯಜಮಾನರು ಒಳಗೆ ಹೋಗಿ ಬಂದಿದ್ದು ನೋಡ್ದೆ, ಆಮೇಲೆ ನೀವು ಹೋಗಿ ಬಂದಿದ್ದೂ ನೋಡ್ದೆ. ಅವರದು ಬಿಡಿ. ನಿಮ್ಮನ್ನ ನೋಡಿ ನನಗೆ ಧೈರ್ಯ ಬಂತು. ನನಗೋಸ್ಕರ ದೇವರ ಮೈಮೇಲೆ ಕೈ ಹಾಕಿದೋರು, ಮನುಷ್ಯರ ಮುಂದೆ ಕೈ ಎತ್ತದೆ ಇರ್ತಾರಾ ಅಂದ್ಕೊಂಡೆ."

ಅವರು ಅದನ್ನು ಕೋಪದಿಂದ ಹೇಳಲಿಲ್ಲ. ಕೋಪದಿಂದ ಹೇಳಿದ್ದರೆ ನಾನೂ ತಿರುಗಿ ಏನಾದರೂ ಅನ್ನಬಹುದಿತ್ತು. ಗಾಡಿ ಹೊರಟಿತು. ಅವರ ಸುದ್ದಿ ಆಮೇಲೆ ನನಗೆ ಗೊತ್ತಾಗಲಿಲ್ಲ. ನಾನೂ ವಿಚಾರಿಸಲಿಲ್ಲ.

ಉಳಿದದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ಅಮಾವಾಸ್ಯೆ ಶಾಲೆ ನಿಂತಿತು. ಮಕ್ಕಳು ಮತ್ತೆ ಯಜಮಾನರ ಅಂಗಳದಲ್ಲಿ ಸೇವೆಗೆ ಕೂತರು. ಇಲಿಗಳು ಮಾತ್ರ ಧರ್ಮ ಸರಿಯಾದದ್ದನ್ನು ಗಮನಿಸದೆ ಕಡಿಯುತ್ತಲೇ ಇದ್ದವು. ಹೂ ಕೇಳುವುದು ಹೋಗಿ ಕೈ ಎತ್ತುವುದು ಬಂತು, ಯಾಕೆಂದರೆ ಯಜಮಾನರಿಗೆ ಅದು ಹೂವಿಗಿಂತ ನಂಬಿಕಸ್ತ ಎನಿಸಿತ್ತು. ಯುದ್ಧ ಮುಗಿದು, ಸ್ವಾತಂತ್ರ್ಯ ಬಂದು, ಕಂಟ್ರೋಲು ಹೋಗಿ, ಪಟ್ಟಿಗೆ ಬೆಲೆಯಿಲ್ಲದಂತಾದ ಮೇಲೆ ನಾನು ಪ್ರತಿ ಸಭೆಯಲ್ಲೂ ಎಲ್ಲರಿಗಿಂತ ಮೊದಲು ಕೈ ಎತ್ತುತ್ತಿದ್ದೆ. ಕಸಪೊರಕೆ ಕೊಳ್ಳುವುದಕ್ಕೂ ಎತ್ತುತ್ತಿದ್ದೆ. ಕೈ ಎತ್ತೋ ಅಶ್ವತ್ಥಪ್ಪ ಎಂದು ಹುಡುಗರು ನಗುತ್ತಿದ್ದರು. ಮೂತ್ರಿಯನ್ನು ಕಟ್ಟಿಸಿದವನು ನಾನೇ, ಬೇಕಾದರೆ ಹೊಸ ಕಮಿಟಿಯವರು ಅದನ್ನೇ ತ್ಯಾಗ ಎಂದು ಅಚ್ಚು ಹಾಕಿಸಲಿ.

ನಿನ್ನೆ ಸಾವಿತ್ರಿ ಬಂದಿದ್ದಳು. ಅವಳೂ ಈಗ ಅಜ್ಜಿ. ನಾನು ಬರೆಯುತ್ತಿದ್ದುದನ್ನು ಕಂಡು ಪಕ್ಕದಲ್ಲಿ ಕೂತು, ಹಾಳೆಯ ಮೇಲೆ ಬೆರಳಿಟ್ಟು, ಅಲ್ಲಲ್ಲಿ ತನಗೆ ಗುರುತು ಸಿಕ್ಕ ಒಂದೊಂದು ಅಕ್ಷರವನ್ನು ಮೆಲ್ಲಗೆ ಓದಿದಳು. ಅವಳ ವಿದ್ಯೆ ಅ ದಿಂದ ಅಃ ತನಕ, ಮೂರು ಅಮಾವಾಸ್ಯೆಯದು. ಉಳಿದದ್ದನ್ನು ನೀನೇ ಓದಿ ಹೇಳು ಎಂದಳು. ಓದಿದೆ. ಕೈ ಎತ್ತುವ ಜಾಗವನ್ನು ಹಾರಿಸಿಬಿಡೋಣ ಎನ್ನಿಸಿತು, ಅವಳಿಗೆ ಗೊತ್ತಾಗುತ್ತಲೂ ಇರಲಿಲ್ಲ. ಆದರೂ ಅದನ್ನೂ ಓದಿದೆ.

ಅವಳು ಹಾಳೆಯ ಮೇಲಿಂದ ಬೆರಳು ತೆಗೆದಳು.

"ಕೈ ಎತ್ತಿದ್ರೆ ಏನಾಗ್ತಿತ್ತಪ್ಪ?"

"ನೂಲು ಸಿಕ್ತಿರ್ಲಿಲ್ಲ ಮಗಾ."

"ಎಷ್ಟು ದಿನ?"

ಲೆಕ್ಕ ಹಾಕಿದೆ. ಯಜಮಾನರ ಸಿಟ್ಟು ಎಂದೂ ಹೆಚ್ಚು ದಿನ ನಿಂತದ್ದಿಲ್ಲ. ಆ ದಿನ ಕೈ ಎತ್ತಿದ ಚಿಕ್ಕಣ್ಣನಿಗೆ ನೂಲು ನಿಂತದ್ದೂ ಅಷ್ಟೇ ದಿನ.

"ಒಂದು ತಿಂಗಳು" ಎಂದೆ.

"ಅಷ್ಟೇನಾ" ಎಂದಳು. ಎದ್ದು, ಒಲೆಯ ಮೇಲೆ ಹಾಲಿಟ್ಟಿದ್ದು ನೆನಪಾಯಿತು ಎಂದು ಒಳಗೆ ಹೋದಳು.